ಮಾಲ್ಗುಡಿ ಸ್ಟೇಷನ್ನಿಂದ ರೈಲು ಹೊರಟ ಮೇಲೆ

1/5

"ಮಾಲ್ಗುಡಿ ಡೇಸ್" ಅಂದ ತಕ್ಷಣ ನಮ್ಮ ಫೀಡಲ್ಲಿ ಬರೋದು ಮೂರೇ ಐಟಂ: ಆ ಟ್ಯೂನ್, ಆಗುಂಬೆ ಮಳೆ, ಸ್ವಾಮಿಯ ನಗು. ಮೂರೂ ಚೆಂದ, ನಾನೂ ಲೈಕ್ ಒತ್ತಿದೀನಿ. ಆದ್ರೆ ಮೂವತ್ತು ಸೆಕೆಂಡಿನ ರೀಲ್ ನೋಡಿ "ಎಂಥಾ ಮುಗ್ಧ ಕಾಲ ಅಲ್ವಾ" ಅಂತ ಕಮೆಂಟ್ ಹಾಕೋರಿಗೆ ಒಂದು ಮಾತು. ಆ ಕಥೆ ಅಷ್ಟು ಮೆತ್ತಗಿಲ್ಲ. ಅದರಲ್ಲಿ ಬೆತ್ತದ ಏಟಿದೆ, ಪರೀಕ್ಷೆಯ ಭಯವಿದೆ, ಸ್ವಾತಂತ್ರ್ಯ ಚಳವಳಿಯ ಗಲಾಟೆಯಲ್ಲಿ ಸ್ಕೂಲಿನ ಕಿಟಕಿ ಗಾಜು ಒಡೆಯೋ ಹುಡುಗ ಇದಾನೆ, ಮನೆ ಬಿಟ್ಟು ಓಡಿ ಕಾಡಲ್ಲಿ ದಾರಿ ತಪ್ಪೋ ರಾತ್ರಿ ಇದೆ. ಕೊನೆಗೆ, ಜಗಳ ಪೂರ್ತಿ ಬಗೆಹರಿಯೋ ಮೊದಲೇ ಒಬ್ಬ ಫ್ರೆಂಡ್ ಊರು ಬಿಟ್ಟು ಹೋಗ್ತಾನೆ.

ಮಕ್ಕಳ ಪುಸ್ತಕ ತೆರೆಗೆ ಬಂದಾಗ ನಾವೆಲ್ಲ ಕೇಳೋ ಪ್ರಶ್ನೆ ಒಂದೇ: "ಬುಕ್ಕಲ್ಲಿದ್ದ ಹಾಗೇ ಇದೆಯಾ?" ಹಾಗೇ ಇರೋದು ಅಂದ್ರೆ ಏನು? ಈ ಸಲ ಅದರ ಬಗ್ಗೆ ಬರೀತೀನಿ. ಉದಾಹರಣೆ ಎರಡು, ಎರಡಕ್ಕೂ ನಮ್ಮ ಶಿವಮೊಗ್ಗ ಜಿಲ್ಲೆಯ ನಂಟಿದೆ. ಸ್ವೈಪ್ ಮಾಡ್ತಾ ಬನ್ನಿ.

2/5

ಮೊದಲನೆಯದು ಗೊತ್ತಿರೋದೇ. ಆರ್. ಕೆ. ನಾರಾಯಣ್ ಅವರ "ಸ್ವಾಮಿ ಅಂಡ್ ಫ್ರೆಂಡ್ಸ್" ಅಚ್ಚಾಗಿದ್ದು 1935ರಲ್ಲಿ. ಮೈಸೂರಲ್ಲಿ ಕೂತು ಇಂಗ್ಲಿಷಲ್ಲಿ ಬರೆದ ಕಾದಂಬರಿ. ಮಾಲ್ಗುಡಿ ಅನ್ನೋ ಊರು ಯಾವ ಮ್ಯಾಪಲ್ಲೂ ಇಲ್ಲ. ಅರ್ಧ ಶತಮಾನ ಕಳೆದ ಮೇಲೆ ಶಂಕರ್ ನಾಗ್ ಅದನ್ನ ದೂರದರ್ಶನಕ್ಕೆ ತಂದಾಗ ಆ ಊರನ್ನ ತೀರ್ಥಹಳ್ಳಿ ಆಚೆಯ ಆಗುಂಬೆಯಲ್ಲಿ ಕಟ್ಟಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಸಂಗೀತ ಎಲ್. ವೈದ್ಯನಾಥನ್. ಚಿತ್ರಗಳು ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಅವರದು.

ಲೆಕ್ಕ ಹಾಕಿ ನೋಡಿ. ಪುಸ್ತಕದ ಭಾಷೆ ಇಂಗ್ಲಿಷ್, ದೇಶಕ್ಕೆಲ್ಲ ಪರಿಚಯವಾದ ಧಾರಾವಾಹಿಯ ಮಾತು ಹಿಂದಿ, ಊರು ಅಪ್ಪಟ ಮಲೆನಾಡು. ನಮ್ಮ ಅಜ್ಜಿಗೆ ಹಿಂದಿಯ ಒಂದಕ್ಷರ ಬರಲ್ಲ. ಆದ್ರೂ ಸ್ವಾಮಿ ಅಪ್ಪನ ಮುಂದೆ ಲೆಕ್ಕ ಮಾಡಕ್ಕೆ ಕೂತಾಗ "ಪಾಪ, ಹೊಟ್ಟೆ ಹಿಂಡ್ತಾ ಇರ್ಬೇಕು ಅದಕ್ಕೆ" ಅಂತಾರೆ. ಭಾಷೆ ದಾಟಿ ಬಂದಿದ್ದು ಆ ಹೊಟ್ಟೆ ಹಿಂಡೋದು.

ಇದೇ ನಾರಾಯಣ್ ಅವರ "ದಿ ಗೈಡ್" ಕಾದಂಬರಿ 1965ರಲ್ಲಿ ಹಿಂದಿ ಸಿನಿಮಾ ಆದಾಗ ಮಾಲ್ಗುಡಿ ರಾಜಸ್ಥಾನಕ್ಕೆ ಶಿಫ್ಟ್ ಆಯ್ತು. ಅದು ಅವರಿಗೆ ಹಿಡಿಸಲಿಲ್ಲ. ಆ ಬೇಸರವನ್ನ ಒಂದು ಪ್ರಬಂಧವನ್ನಾಗಿಯೇ ಬರೆದರು. ಹಾಗಾದ್ರೆ ಆಗುಂಬೆ ಯಾಕೆ ಒಪ್ಪಿಗೆ ಆಗತ್ತೆ? ಪುಸ್ತಕದ ಮಾಲ್ಗುಡಿಯಲ್ಲಿ ಇಷ್ಟೊಂದು ಮಳೆಯೂ ಇಲ್ಲ, ಈ ಥರದ ತೊಟ್ಟಿಮನೆಯೂ ಇಲ್ಲ. ನನಗನ್ನಿಸೋದು ಇಷ್ಟು: ಆಗುಂಬೆಯ ಓಣಿ, ಒಬ್ಬ ಹುಡುಗ ತನ್ನ ಇಡೀ ಪ್ರಪಂಚ ಅಂದ್ಕೊಳ್ಳುವಷ್ಟು ಚಿಕ್ಕದು. ಆ ಅಳತೆ ಸರಿ ಇತ್ತು. ಅಳತೆ ಸರಿ ಇದ್ರೆ ಮಳೆ ಜಾಸ್ತಿ ಆದ್ರೂ ನಡೆಯತ್ತೆ.

3/5

ಎರಡನೆಯದು ತುಂಬ ಜನಕ್ಕೆ ಗೊತ್ತಿಲ್ಲ. ಅಪ್ಪು ಅವರ "ಬೆಟ್ಟದ ಹೂವು" ಕೂಡ ಒಂದು ಮಕ್ಕಳ ಕಾದಂಬರಿಯಿಂದ ಬಂದಿದ್ದು! ಶೆರ್ಲಿ ಎಲ್. ಅರೋರಾ ಅನ್ನೋ ಅಮೆರಿಕನ್ ಲೇಖಕಿ 1960ರಲ್ಲಿ ಪ್ರಕಟಿಸಿದ "ವಾಟ್ ದೆನ್, ರಾಮನ್?" ಅದರ ಮೂಲ. ನಮ್ಮ ಮಾತಲ್ಲಿ, "ಆಮೇಲೇನೋ, ರಾಮನ್?" ಭಾರತದ ಒಂದು ಬೆಟ್ಟದೂರಿನ ಬಡ ಹುಡುಗ, ಓದೋ ಹುಚ್ಚು, ರಾಮಾಯಣದ ಪುಸ್ತಕ ಕೊಳ್ಳೋ ಆಸೆ.

ಎನ್. ಲಕ್ಷ್ಮೀನಾರಾಯಣ್ 1985ರಲ್ಲಿ ಇದನ್ನ ಕನ್ನಡಕ್ಕೆ ತಂದಾಗ ರಾಮನ್ ರಾಮು ಆದ. ಅವನು ಆಸೆಪಡೋ ಪುಸ್ತಕ ಕುವೆಂಪು ಅವರ "ಶ್ರೀ ರಾಮಾಯಣ ದರ್ಶನಂ" ಆಯ್ತು. ಕುಪ್ಪಳಿಯ ಕವಿ, ಜ್ಞಾನಪೀಠ ಪಡೆದ ಕಾವ್ಯ, ನಮ್ಮ ಶಂಕರಘಟ್ಟದ ಯೂನಿವರ್ಸಿಟಿಗೆ ಇಟ್ಟಿರೋದು ಅವರದೇ ಹೆಸರು. ಪುಸ್ತಕಕ್ಕೆ ಅಕ್ಷರಶಃ ನಿಷ್ಠೆ ಬೇಕು ಅನ್ನೋರು ಇಲ್ಲೇ ಕೆಂಪು ಪೆನ್ ತೆಗೀಬೇಕು. ಆದ್ರೆ ನೋಡಿ, ಈ ಒಂದು ಬದಲಾವಣೆಯಿಂದಲೇ ರಾಮುವಿನ ಆಸೆ ನಮ್ಮದಾಯ್ತು. ಅಂಗಡಿಯ ಆ ಪುಸ್ತಕ ನಮ್ಮ ಮನೆ ಕಪಾಟಲ್ಲೂ ಇರಬಹುದಾದ ಪುಸ್ತಕ.

ರಾಮು ಆರ್ಕಿಡ್ ಹೂ ಹುಡುಕಿ ತಂದುಕೊಡೋದು ಶೆರ್ಲಿ ಮೇಡಂಗೆ. ಹೌದು, ಕಾದಂಬರಿಕಾರ್ತಿಯ ಹೆಸರೇ. ಪೈಸೆ ಪೈಸೆ ಕೂಡಿಸ್ತಾನೆ. ದುಡ್ಡು ಕೈಗೆ ಬಂದಾಗ ಪುಸ್ತಕ ಬಿಟ್ಟು, ಚಳಿಯಲ್ಲಿ ನಡುಗೋ ಮನೆಯವರಿಗೆ ಕಂಬಳಿ ತರ್ತಾನೆ. ಅಲ್ಲಿ ಯಾರೋ ದೊಡ್ಡವರು ಬಂದು "ತಗೋ ಮಗು, ಪುಸ್ತಕಾನೂ ತಗೋ" ಅಂದಿದ್ರೆ ಥಿಯೇಟರಲ್ಲಿ ಚಪ್ಪಾಳೆ ಬಿದ್ದಿರೋದು. ಆದ್ರೆ ಆ ಕಂಬಳಿಗೆ ಬೆಲೆಯೇ ಇರ್ತಿರಲಿಲ್ಲ. ಅಪ್ಪುಗೆ ಇದಕ್ಕೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಆ ಮುಖ ನೋಡಿದೋರಿಗೆ ಯಾಕೆ ಅಂತ ಹೇಳೋ ಅಗತ್ಯ ಇಲ್ಲ.

4/5

ಇದೆಲ್ಲ ನನಗೆ ಈಗ ಯಾಕೆ ಮುಖ್ಯ ಆಯ್ತು ಅಂತ ಹೇಳ್ತೀನಿ.

ನಾನು ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕಾಲೇಜಿಗೆ ಓಡಾಡೋಳು. ತಮ್ಮ ಆರನೇ ಕ್ಲಾಸು. ಈ ಬೇಸಿಗೆಯಲ್ಲಿ ಅವನ ಜೀವದ ಗೆಳೆಯನ ಮನೆಯವರು ಊರು ಬಿಟ್ಟರು. ಆ ಹುಡುಗನ ಅಪ್ಪನಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಹೋಗೋ ಹಿಂದಿನ ವಾರ ಕ್ರಿಕೆಟ್ ಮ್ಯಾಚಲ್ಲಿ ಇಬ್ಬರಿಗೂ ಜಗಳ. ರಾಜಿ ಆಗೋದ್ರೊಳಗೆ ಲಾರಿಗೆ ಸಾಮಾನು ತುಂಬಿ ಆಗಿತ್ತು. ತಮ್ಮ ಎರಡು ವಾರ ಬ್ಯಾಟ್ ಮುಟ್ಟಲಿಲ್ಲ. ಏನು ಕೇಳಿದ್ರೂ "ಏನಿಲ್ಲ".

ರಾತ್ರಿ ಹೊತ್ತು ಅವನಿಗೆ ನಾನು ಸ್ವಾಮಿಯ ಕಥೆ ಓದಿ, ಅಲ್ಲಲ್ಲೇ ಕನ್ನಡ ಮಾಡಿ ಹೇಳ್ತಿದ್ದೆ. ಕೊನೆ ಅಧ್ಯಾಯಕ್ಕೆ ಬಂದಾಗ ಅಮ್ಮ ಅಡುಗೆಮನೆಯಿಂದ ಸನ್ನೆ ಮಾಡಿದರು: ಅದು ಬೇಡ, ಇಬ್ಬರೂ ರಾಜಿ ಆದರು ಅಂತ ಹೇಳಿ ಮುಗಿಸು. ಅಮ್ಮನ ಮಾತೂ ತಪ್ಪೇನಲ್ಲ. ಮಗು ಮೊದಲೇ ನೊಂದಿದೆ.

ನಾನು ಇದ್ದ ಹಾಗೇ ಓದಿದೆ. ರಾಜಂ ರೈಲಲ್ಲಿ ಕೂತಿದಾನೆ. ಸ್ವಾಮಿ ಆಂಡರ್ಸನ್ ಕಥೆಗಳ ಪುಸ್ತಕ ತಂದಿದಾನೆ, ಕೊಡೋಕೆ ಧೈರ್ಯ ಇಲ್ಲ. ಮಣಿ ಅದನ್ನ ಕಿಟಕಿಗೆ ತಲುಪಿಸ್ತಾನೆ. ರಾಜಂ ಏನಾದ್ರೂ ಹೇಳಿದ್ರೂ ರೈಲಿನ ಸದ್ದಲ್ಲಿ ಕೇಳಲ್ಲ. ಅವನು ಕಾಗದ ಬರೀತಾನಾ ಅಂತ ಸ್ವಾಮಿ ಕೇಳಿದ್ರೆ ಮಣಿ ಹೂಂ ಅಂತಾನೆ, ಆದ್ರೆ ಅವನ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ. ಅಲ್ಲಿಗೆ ಪುಸ್ತಕ ಮುಗೀತು.

ತಮ್ಮ ಕೇಳಿದ: "ಬರೆದ್ನಾ?"
"ಪುಸ್ತಕದಲ್ಲಿ ಇಲ್ಲ ಕಣೋ."
"ಮಣಿ ಸುಳ್ಳು ಹೇಳಿದ್ನಾ?"
"ಅದೂ ಇಲ್ಲ."

ಸ್ವಲ್ಪ ಹೊತ್ತು ಫ್ಯಾನ್ ನೋಡ್ತಾ ಮಲಗಿದ್ದ. ಆಮೇಲೆ ಎರಡು ವಾರದ ಮಾತೆಲ್ಲ ಒಟ್ಟಿಗೆ ಬಂತು. ಮ್ಯಾಚು, ಬೈದಿದ್ದು, ಲಾರಿ, ಎಲ್ಲ. ಬಾಗಿಲ ಹತ್ರ ಅಮ್ಮ ನಿಂತು ಕೇಳ್ತಾ ಇದ್ರು. ಮರುದಿನ ಬೆಳಿಗ್ಗೆ ಅಪ್ಪನ ಫೋನ್ ಇಸ್ಕೊಂಡು ಗೆಳೆಯನಿಗೆ ಮೆಸೇಜ್ ಹಾಕಿದ. ಬ್ಲೂ ಟಿಕ್ ಬಂದಿದೆ, ಉತ್ತರ ಇನ್ನೂ ಇಲ್ಲ. ಆದ್ರೆ ಬ್ಯಾಟ್ ಹೊರಗೆ ಬಂದಿದೆ.

5/5

ಹಾಗಾಗಿ ನನ್ನ ಪಾಲಿಗೆ ನಿಷ್ಠೆ ಅಂದ್ರೆ ಇದು. ಊರು ಬದಲಾಗಲಿ, ಭಾಷೆ ಬದಲಾಗಲಿ, ರಾಮನ್ ರಾಮು ಆಗಲಿ. ಆ ಮಗುವಿಗೆ ಕಥೆಯಲ್ಲಿ ಎಷ್ಟು ನಷ್ಟ ಆಯ್ತೋ ಅದನ್ನ ಮಾತ್ರ ಕಡಿಮೆ ಮಾಡಬಾರದು. ದೊಡ್ಡವರಿಗೆ ಅದು "ಒಂದು ಪುಸ್ತಕ, ಒಂದು ಮ್ಯಾಚ್ ಅಷ್ಟೇ ತಾನೆ" ಅನ್ನಿಸಬಹುದು. ಹನ್ನೊಂದು ವರ್ಷದವನಿಗೆ ಅದು ಇಡೀ ಊರು. ಸಿಹಿ ಕೊನೆ ಅಂಟಿಸಿದ್ರೆ ನಾವು ಅವನಿಗೆ ಹೇಳಿದ ಹಾಗಾಗತ್ತೆ: ನಿನ್ನ ಥರ ಆಗಿರೋದು ಬೇರೆ ಯಾರಿಗೂ ಇಲ್ಲ, ಕಥೆಯಲ್ಲಿ ಎಲ್ಲರೂ ರಾಜಿ ಆಗ್ತಾರೆ.

ರೀಲ್ ಎಡಿಟ್ ಮಾಡೋ ನಮ್ಮ ಕ್ಲಾಸಿನವರೇ, ನೀವೂ ಒಂಥರಾ ತೆರೆಗೆ ತರೋರೇ. ಮುಂದಿನ ಸಲ ಸ್ವಾಮಿಯ ನಗು ಹಾಕೋವಾಗ ಅವನು ಅತ್ತಿದ್ದನ್ನೂ ಎಲ್ಲಾದ್ರೂ ಸೇರಿಸಿ.

ಇನ್ನೊಂದು ವಿಷಯ. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದು ನಮ್ಮ ಅರಸಾಳು. ಅಲ್ಲಿನ ಹಳೇ ಸ್ಟೇಷನ್ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಅದನ್ನ ಮತ್ತೆ ನಿಲ್ಲಿಸಿದವರು ಧಾರಾವಾಹಿಯ ಕಲಾ ನಿರ್ದೇಶಕರೇ ಆದ ಜಾನ್ ದೇವರಾಜ್. ಭದ್ರಾವತಿ, ಶಿವಮೊಗ್ಗ ಮೇಲೆ ಹೋಗೋ ತಾಳಗುಪ್ಪ ಲೈನಲ್ಲಿ ಕುಂಸಿ ದಾಟಿದ್ರೆ ಸಿಗತ್ತೆ. ಮುಂದಿನ ತಿಂಗಳು ತಮ್ಮನ್ನ ಕರ್ಕೊಂಡು ಹೋಗ್ತೀನಿ. ಬರೋರು ಕಮೆಂಟಲ್ಲಿ ಹೇಳಿ, ಟಿಕೆಟ್ ಅವರವರದ್ದೇ.

ನಿಮಗೆ ಚಿಕ್ಕವರಿದ್ದಾಗ ಯಾರಾದ್ರೂ ಕೊನೆ ಬದಲಾಯಿಸಿ ಹೇಳಿದ ಕಥೆ ಯಾವುದು? ಅದನ್ನೂ ಬರೀರಿ.

#ಮಾಲ್ಗುಡಿಡೇಸ್ #ಬೆಟ್ಟದಹೂವು #ಅರಸಾಳು #ಶಿವಮೊಗ್ಗ #ಭದ್ರಾವತಿ