ಹೆಸರಿಗೆ ಜಾಗವಿಲ್ಲದ ಪುಸ್ತಕ

ಕಾಡಿನಲ್ಲಿ ಹಕ್ಕಿ ನೋಡುವುದೆಂದರೆ ಹೆಚ್ಚಿನ ಹೊತ್ತು ಕೇಳುವುದೇ. ಸಂಶೋಧನೆಗೆ ಹೊರಟ ಹುಡುಗರ ಜೊತೆ ಕುದುರೆಮುಖದ ಶೋಲಾ ಕಾಡುಗಳಲ್ಲಿ ನಾಲ್ಕು ದಿನ ಅಲೆದಾಗ ನಮಗೆ ಮೊದಲು ತಿಳಿದದ್ದು ಇದು. ಬೆಳಕು ಹರಿಯುವ ಮುನ್ನವೇ ಹಳ್ಳದ ಕಡೆಯಿಂದ ಸಿಳ್ಳಾರನ ದನಿ. ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗನೊಬ್ಬ ರಾಗ ಮರೆತು ಮರೆತು ಸಿಳ್ಳೆ ಹಾಕುವಂತೆ.

ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಇಂಬಳ ಕಿತ್ತೆಸೆಯುತ್ತಾ ಕೂತಿರಬೇಕು. ಇದ್ದಕ್ಕಿದ್ದಂತೆ ಮರಗಳಿಗೆ ಜೀವ ಬರುತ್ತದೆ. ಹರಟೆಮಲ್ಲ, ಚಿತ್ರಪಕ್ಷಿ, ಮರಗುಬ್ಬಿ ಎಲ್ಲ ಒಂದೇ ದಂಡಾಗಿ ಬರುತ್ತವೆ, ಜೊತೆಗೆ ಭೀಮರಾಜ. ಉಳಿದವರು ಎಲೆ ಕೆದಕಿ ಎಬ್ಬಿಸಿದ ಹುಳುಗಳನ್ನು ಅವನು ಗಾಳಿಯಲ್ಲೇ ಹಿಡಿಯುತ್ತಾನೆ, ಗಿಡುಗ ಕಂಡರೆ ಕೂಗಿ ಎಚ್ಚರಿಸುತ್ತಾನೆ. ಪುಕ್ಕಟೆ ಊಟವೆನ್ನಿ, ಕೂಲಿಯೆನ್ನಿ. ಐದು ನಿಮಿಷದಲ್ಲಿ ದಂಡು ದಾಟಿಹೋಗಿ ಕಾಡು ಮತ್ತೆ ಮೌನ.

ಉರ್ದು ಶಾಲೆಯಲ್ಲಿ ಕಲಿತವರಿಗೆ ಇಕ್ಬಾಲರ ‘ಏಕ್ ಪಹಾಡ್ ಔರ್ ಗಿಲಹರಿ’ ಗೊತ್ತಿರುತ್ತದೆ. ಎಮರ್ಸನ್ನನ ಕವಿತೆಯಿಂದ ಮಕ್ಕಳಿಗಾಗಿ ಅವರು ತಂದದ್ದು. ಬೆಟ್ಟಕ್ಕೇ ಎದುರುತ್ತರ ಕೊಡುವ ಆ ಅಳಿಲು ನಮ್ಮ ಮನಸ್ಸಿನಲ್ಲಿ ಅಂಗೈಯಷ್ಟಿತ್ತು. ಇಲ್ಲಿ ಕಂಡ ಕೆಂದಳಿಲು ಬಾಲ ಸೇರಿ ಮೂರಡಿ! ಕೊಂಬೆಯಿಂದ ಕೊಂಬೆಗೆ ಇಪ್ಪತ್ತು ಅಡಿ ಹಾರಬಲ್ಲದು, ನೆಲಕ್ಕಿಳಿಯುವುದು ಅಪರೂಪ. ಎತ್ತರದ ಮರಗಳಲ್ಲಿ ಎಲೆ ಕಡ್ಡಿಗಳ ದುಂಡು ಗೂಡುಗಳನ್ನು, ಒಂದಲ್ಲ, ಹಲವನ್ನು ಕಟ್ಟುತ್ತದೆ. ಮರಗಳ ನೆತ್ತಿ ಒಂದಕ್ಕೊಂದು ತಾಗಿರುವವರೆಗೆ ಅದಕ್ಕೆ ದಾರಿ. ಅಗಲವಾದ ರಸ್ತೆ ಬಿದ್ದರೆ ಅದರ ಲೋಕ ಅಲ್ಲಿಗೆ ಮುಗಿಯಿತು.

ಗೂಡುಗಳನ್ನು ತೋರಿಸಿದ್ದು ದಾರಿತೋರಿಸಲು ಬಂದ ಮಲೆಕುಡಿಯರ ಹಿರಿಯರು. ದುರ್ಬೀನಿಗೂ ಕಾಣದ್ದು ಅವರ ಬರಿಗಣ್ಣಿಗೆ ಕಾಣುತ್ತಿತ್ತು. ಹಳೆಯ ಗೂಡು ಯಾವುದು, ಮರಿಯಿರುವುದು ಯಾವುದು ಎಂದೂ ಹೇಳುತ್ತಿದ್ದರು. ಹುಡುಗರ ಪುಸ್ತಕದಲ್ಲಿ ಮರದ ಎತ್ತರಕ್ಕೆ, ಹೊತ್ತಿಗೆ, ಲ್ಯಾಟಿನ್ ಹೆಸರಿಗೆ ಒಂದೊಂದು ಅಂಕಣವಿತ್ತು. ಹಿರಿಯರು ಹೇಳಿದ ಹೆಸರುಗಳಿಗೆ ಇರಲಿಲ್ಲ. ನಾವು ನಮ್ಮ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆವು, ಕೆಲವನ್ನು ಉರ್ದು ಲಿಪಿಯಲ್ಲಿ, ಬೇಗ ಆಗುತ್ತದೆಂದು.

ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು. ಇಲ್ಲಿ ಅದಿರು ತೆಗೆಯುವುದು 2005ರ ಕೊನೆಗೆ ನಿಂತಿತು, ಗಣಿಗಾಗಿ ಬಂದವರು ಹೊರಟುಹೋದರು. ಗಣಿಗಿಂತ ಮೊದಲೇ ಇದ್ದವರಿಗೆ ಪುನರ್ವಸತಿಯ ಮಾತು. ಕಾಡಿನ ಒಳ್ಳೆಯದಕ್ಕೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆಸ್ಪತ್ರೆಯಿಲ್ಲದ, ರಸ್ತೆಯಿಲ್ಲದ ಕಡೆಯಿಂದ ತಾವೇ ಹೊರಡಬಯಸುವ ಮನೆಗಳೂ ಇವೆ. ಹಿರಿಯರ ಮಗನಿಗೆ ಹೋಗುವ ಆಸೆ, ಅವರಿಗಿಲ್ಲ.

ಕೊನೆಯ ಸಂಜೆ ಅವರು ಕೇಳಿದರು: “ನಾವು ಇಳಿದುಹೋದ ಮೇಲೆ ಈ ಗೂಡು ಎಣಿಸಲು ನಿಮಗೆ ಯಾರು ಸಿಗ್ತಾರೆ?” ಹುಡುಗರಲ್ಲೊಬ್ಬ ಕ್ಯಾಮೆರಾ ಇಡುತ್ತೇವೆ ಎಂದ. ಅವರು ತಲೆಯಾಡಿಸಿ ಎಲೆಯಡಿಕೆ ಬಿಚ್ಚಿದರು.