ಹೊಳೆಯ ಮೇಲೊಂದು ಅರಮನೆ ಊಳಿಗ

ಬೆಂಕಿ ಮೊದಲು ಕಂಡದ್ದು ನೀರಿನಲ್ಲಿ. ತಿರುವಿನಾಚೆ ಇನ್ನೂ ದೋಣಿಯ ಸುಳಿವಿಲ್ಲ, ಆಗಲೇ ಹೊಳೆ ಕೆಂಪಗಾಗತೊಡಗಿತು. ಆಮೇಲೆ ಚಟಚಟ ಸದ್ದು, ಅದರ ಬೆನ್ನಿಗೇ ಮರದ ಸೊನೆ ಉರಿಯುವ ವಾಸನೆ. ನಮ್ಮ ದೋಣಿಯಲ್ಲಿ ಅಷ್ಟು ಹೊತ್ತು ಹರಟುತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. ಜಪಾನಿನ ಗಿಫು ಪಟ್ಟಣ, ನಗರಾಗಾವಾ ಹೊಳೆ, ಜೂನ್ ತಿಂಗಳ ಒಂದು ರಾತ್ರಿ. ಎದುರಿಗೆ ಕಿಂಕಾ ಬೆಟ್ಟ, ಅದರ ನೆತ್ತಿಯ ಮೇಲೆ ದೀಪ ಹೊತ್ತಿಸಿಕೊಂಡು ಕೂತ ಕೋಟೆ.

ಆರು ದೋಣಿ ಬಂದವು. ಒಂದೊಂದರ ಮೂತಿಗೂ ಕಬ್ಬಿಣದ ಬುಟ್ಟಿ, ಬುಟ್ಟಿಯ ತುಂಬ ಉರಿಯುವ ಪೈನ್ ಸೌದೆ. ಬೆಳಕಿಗೆ ಬೆದರಿ ಅಯು ಎಂಬ ಮೀನು ಚದುರುತ್ತದೆ, ಚದುರಿದ್ದರ ಬೆನ್ನು ಹತ್ತಿ ನೀರುಕಾಗೆಗಳು ಮುಳುಗುತ್ತವೆ. ನಮ್ಮ ಪಕ್ಕದಲ್ಲೇ ಒಂದು ದೋಣಿ ಸಾಗಿತು. ತಲೆಗೆ ಕಪ್ಪು ಬಟ್ಟೆ ಸುತ್ತಿ, ಸೊಂಟಕ್ಕೆ ಹುಲ್ಲಿನ ಲಂಗ ಕಟ್ಟಿಕೊಂಡವರೊಬ್ಬರು ಮುಂದೆ ನಿಂತಿದ್ದರು. ಎಡಗೈಯಲ್ಲಿ ಹತ್ತು ಹಗ್ಗ, ಹತ್ತರ ತುದಿಗೂ ಒಂದೊಂದು ಹಕ್ಕಿ. ಹಕ್ಕಿಗಳು ಒಂದರ ಕೆಳಗೊಂದು ನುಸುಳಿ ಹಗ್ಗ ತೊಡರಿದಂತೆಲ್ಲ ಬಲಗೈ ಬಿಡಿಸುತ್ತಲೇ ಇತ್ತು. ನಮ್ಮ ಕಡೆ ಜಡೆ ಕೋಲಾಟದಲ್ಲಿ ಅಷ್ಟೂ ಜನ ಕುಣಿದು ಹೆಣೆದು ಬಿಚ್ಚುವುದನ್ನು ಇಲ್ಲಿ ಒಬ್ಬರೇ, ಹರಿಯುವ ನೀರಿನ ಮೇಲೆ, ಬೆಂಕಿಯ ಕಿಡಿ ಮೈಮೇಲೆ ಬೀಳುತ್ತಿರುವಾಗ ಮಾಡುತ್ತಿದ್ದರು. ನಡುನಡುವೆ ‘ಹೋ, ಹೋ’ ಎಂದು ಹಕ್ಕಿಗಳನ್ನು ಹುರಿದುಂಬಿಸುವ ಕೂಗು.

ಇವರನ್ನು ಉಶೋ ಎನ್ನುತ್ತಾರೆ. ಇವರ ಪೂರ್ತಿ ಹುದ್ದೆಯ ಹೆಸರು ‘ಕುನೈಚೋ ಶಿಕಿಬುಶೋಕು ಉಶೋ’. ಕುನೈಚೋ ಎಂದರೆ ಜಪಾನಿನ ಚಕ್ರವರ್ತಿಯ ಅರಮನೆ ಇಲಾಖೆ, ಶಿಕಿಬುಶೋಕು ಅದರ ಸಮಾರಂಭ ವಿಭಾಗ. ಹುಲ್ಲಿನ ಲಂಗದ ಈ ಬೆಸ್ತರು ಅರಮನೆಯ ಊಳಿಗದವರು. ಗಿಫುವಿನಲ್ಲಿ ಆರು ಮನೆ. ಅಪ್ಪನಿಂದ ಮಗನಿಗೆ ಇಳಿದು ಬರುವ ಕೆಲಸ.

ಅದೇ ಇಲಾಖೆಯ ಕಚೇರಿಯನ್ನು ನಾನು ಹಿಂದಿನ ದಿನವಷ್ಟೇ ಟೋಕಿಯೋದಲ್ಲಿ ನೋಡಿ ಬಂದಿದ್ದೆ. ಅರಮನೆಯ ಆವರಣ ತೋರಿಸಲು ಇಲಾಖೆಯವರೇ ಜನರನ್ನು ಕರೆದೊಯ್ಯುತ್ತಾರೆ, ದುಡ್ಡಿಲ್ಲ. ಕಿಕ್ಯೋಮೋನ್ ಬಾಗಿಲಿನಿಂದ ಒಳಹೊಕ್ಕು, ಗಾರೆಯಿಲ್ಲದೆ ಕೂಡಿಸಿದ ದೈತ್ಯ ಕಲ್ಲುಗಳ ಗೋಡೆ ಬಳಸಿ ನಡೆದರೆ ಸಿಗುವುದು 1935ರಲ್ಲಿ ಕಟ್ಟಿದ ಮೂರಂತಸ್ತಿನ ಕಚೇರಿ. ಅದಕ್ಕೆ ಅರಮನೆಯ ಠೀವಿ ಏನೂ ಇಲ್ಲ. ಆದರೆ 1945ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಮೇಜಿ ಚಕ್ರವರ್ತಿಯ ಕಾಲದ ಅರಮನೆ ಸುಟ್ಟುಹೋದ ಮೇಲೆ ಹಲವು ವರ್ಷ ಚಕ್ರವರ್ತಿಯ ಸಮಾರಂಭಗಳು ನಡೆದದ್ದು ಇದೇ ಕಟ್ಟಡದ ಮೂರನೇ ಅಂತಸ್ತಿನಲ್ಲಿ. ಅರಮನೆಯೇ ಕಚೇರಿಯೊಳಗೆ ಬಾಡಿಗೆಗಿದ್ದಂತೆ! ಹೊಸ ಅರಮನೆ ಮುಗಿದದ್ದು 1968ರಲ್ಲಿ. ಉದ್ದನೆಯ, ತಗ್ಗು ಸೂರಿನ ಕಟ್ಟಡ. ಜನವರಿ 2ರಂದು ಚಕ್ರವರ್ತಿ ಅದರ ಗಾಜಿನಾಚೆ ನಿಂತು ಜನರಿಗೆ ಹೊಸ ವರ್ಷದ ಶುಭಾಶಯ ಹೇಳುತ್ತಾರೆ.

1947ರ ಸಂವಿಧಾನ ಚಕ್ರವರ್ತಿಯನ್ನು ದೇಶದ ಸಂಕೇತ ಎಂದಿತು, ಆಡಳಿತದ ಅಧಿಕಾರ ಒಂದನ್ನೂ ಉಳಿಸಲಿಲ್ಲ. ಯುದ್ಧ ಮುಗಿದಾಗ ಆರು ಸಾವಿರಕ್ಕೂ ಹೆಚ್ಚು ಜನರಿದ್ದ ಅರಮನೆ ಸಚಿವಾಲಯ ಈಗ ಸುಮಾರು ಸಾವಿರ ಜನರ ಇಲಾಖೆ. 1949ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಆಳುವ ಕೆಲಸವಿಲ್ಲದ ಒಡೆಯನ ಮನೆಯಲ್ಲಿ ಸಾವಿರ ಜನ ಏನು ಮಾಡುತ್ತಾರೆ? ಅಂಗಳದ ಜಲ್ಲಿ ತುಳಿಯುತ್ತ ನಾನು ಕೇಳಿಕೊಂಡ ಪ್ರಶ್ನೆಗೆ ಉತ್ತರ ಈ ಹೊಳೆಯ ಮೇಲೆ ಸಿಕ್ಕಿತು.

ಸಮಾರಂಭ ವಿಭಾಗ ಒಂದನ್ನೇ ನೋಡಿ. ಹೊಸದಾಗಿ ಬಂದ ವಿದೇಶಿ ರಾಯಭಾರಿ ಚಕ್ರವರ್ತಿಗೆ ನೇಮಕದ ಪತ್ರ ಒಪ್ಪಿಸಲು ಬರುವಾಗ ಕಾರು ಬೇಕೋ, ಕುದುರೆ ಸಾರೋಟು ಬೇಕೋ ಎಂದು ಕೇಳಿಕೊಳ್ಳುತ್ತದೆ ಇಲಾಖೆ. ಸಾರೋಟು ಎಂದರೆ ಟೋಕಿಯೋ ರೈಲು ನಿಲ್ದಾಣದ ಎದುರಿನಿಂದ ಕುದುರೆಯ ಗೊರಸಿನ ಸದ್ದು ಹೊರಡುತ್ತದೆ. ಸಾವಿರ ವರ್ಷಕ್ಕೂ ಹಳೆಯ ಗಗಾಕು ಸಂಗೀತ ನುಡಿಸುವವರು ಇದೇ ವಿಭಾಗದವರು, ಔತಣದ ದಿನ ಪಾಶ್ಚಾತ್ಯ ವಾದ್ಯ ಹಿಡಿಯುವವರೂ ಅವರೇ. ಆ ರಾಯಭಾರಿ, ಆ ಸಂಗೀತಗಾರ, ಈ ನೀರುಕಾಗೆ, ಮೂವರ ಕಡತವೂ ಒಂದೇ ವಿಭಾಗದ್ದು. ಇದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ನನ್ನ ಮನಸ್ಸಿಗೆ ತೀರ ಹತ್ತಿರದ್ದು. ಅರಮನೆಯ ತೋಟದಲ್ಲಿ ಹಿಪ್ಪುನೇರಳೆ ಇದೆ, ರೇಷ್ಮೆ ಸಾಕಣೆಯ ಮನೆ ಇದೆ. 1871ರಲ್ಲಿ ಅಂದಿನ ಸಾಮ್ರಾಜ್ಞಿ ಶುರುಮಾಡಿದ್ದನ್ನು ಇಂದಿನವರೂ ನಡೆಸುತ್ತಾರೆ: ಸೊಪ್ಪು ಹಾಕುವುದು, ಹುಳು ಹಣ್ಣಾದಾಗ ಹುಲ್ಲಿನ ಚಂದ್ರಿಕೆಗೆ ಬಿಡುವುದು. ಅಲ್ಲಿ ಸಾಕುವ ತಳಿಗಳಲ್ಲಿ ಕೊಯಿಶಿಮಾರು ಎಂಬುದೊಂದು. ಅದರ ಗೂಡು ಪುಟ್ಟದು, ಕಡಲೆಕಾಯಿಯ ಹಾಗೆ ನಡು ಸಣ್ಣ, ನೂಲು ಬಹಳ ನಯ. ಇಳುವರಿ ಕಡಿಮೆಯೆಂದು ರೈತರು ಕೈಬಿಟ್ಟ ತಳಿ. ರಾಮನಗರದ ಮಾರುಕಟ್ಟೆಯಲ್ಲಿ ಇಳುವರಿ ನೋಡಿಯೇ ಗೂಡಿಗೆ ಬೆಲೆ ಕಟ್ಟುತ್ತಾರೆ. ಜಪಾನಿನ ತಜ್ಞರು ಮೈಸೂರಿಗೆ ಬಂದು ದ್ವಿತಳಿ ಗೂಡಿಗಾಗಿ ದುಡಿದದ್ದೂ ಇಳುವರಿಗಾಗಿಯೇ. ಅದೇ ಜಪಾನಿನ ಅರಮನೆಯಲ್ಲಿ ಇಳುವರಿಯಿಲ್ಲದ ಹುಳು ಉಳಿದುಕೊಂಡಿತು, ಉಳಿದದ್ದರಿಂದ ಒಂದು ಕೆಲಸಕ್ಕೂ ಬಂತು. ನಾರಾ ಊರಿನ ಶೋಸೋಯಿನ್ ಎಂಬ ಭಂಡಾರದಲ್ಲಿ ಎಂಟನೇ ಶತಮಾನದ ರೇಷ್ಮೆ ಬಟ್ಟೆಗಳಿವೆ. ಹೊಸ ತಳಿಗಳ ದಪ್ಪ ನೂಲು ಅವಕ್ಕೆ ಹೊಂದುತ್ತಿರಲಿಲ್ಲ. ಕೊಯಿಶಿಮಾರುವಿನ ನೂಲು ಹೊಂದಿತು, ಅದರಿಂದಲೇ ಆ ಬಟ್ಟೆಗಳ ಪ್ರತಿಗಳನ್ನು ನೇಯ್ದರು.

ಶೋಸೋಯಿನ್ ಕಾವಲೂ ಕುನೈಚೋದ್ದೇ. ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ, ಚಕ್ರವರ್ತಿಯ ದೂತ ಬಂದ ಮೇಲೆ ಅದರ ಮೊಹರು ಒಡೆಯುತ್ತಾರೆ. ಒಳಗಿರುವ ವಸ್ತುಗಳಲ್ಲಿ ಒಂದು ಕುಂಚವಿದೆ. 752ರಲ್ಲಿ ತೋದಾಯಿಜಿ ದೇವಾಲಯದ ಮಹಾಬುದ್ಧನಿಗೆ ಕಣ್ಣು ಬರೆಯಲು ಭಾರತದ ಭಿಕ್ಷು ಬೋಧಿಸೇನ ಹಿಡಿದ ಕುಂಚ ಅದು.

ಇಲಾಖೆಯ ಈ ಬಿಗಿ ಹಿಡಿತ ಎಲ್ಲ ಕಡೆಯೂ ನನಗೆ ಒಪ್ಪಿಗೆ ಅಂತಲ್ಲ. ಚಕ್ರವರ್ತಿಗಳ, ರಾಜಮನೆತನದವರ ಸುಮಾರು 900 ಸಮಾಧಿಗಳು ಅದರ ವಶದಲ್ಲಿವೆ. ಅಲ್ಲಿ ಅಗೆದು ನೋಡಲು ಇತಿಹಾಸಕಾರರು ಕೇಳುತ್ತಲೇ ಬಂದಿದ್ದಾರೆ, ಬಾಗಿಲು ಕೂದಲೆಳೆಯಷ್ಟು ಮಾತ್ರ ತೆರೆದಿದೆ. ಪೂರ್ವಜರು ಮಲಗಿರುವ ಜಾಗ ಎಂಬ ಮಾತಿಗೆ ತಲೆಬಾಗುತ್ತೇನೆ. ಆದರೂ ತಿಳಿಯುವ ಹಂಬಲವೂ ಹಿರಿಯರಿಗೆ ಸಲ್ಲಿಸುವ ಗೌರವವೇ ಅಲ್ಲವೇ?

ಹೊಳೆಯಲ್ಲಿ ಮಾತ್ರ ಯಾವ ಬಾಗಿಲೂ ಇರಲಿಲ್ಲ. ಈ ಊಳಿಗ ಶುರುವಾದದ್ದು ಒಂದು ಸಂಕಟದಿಂದ. ಉಶೋಗಳನ್ನು ಹಿಂದೆ ದೊರೆ ಓದಾ ನೊಬುನಾಗ, ಆಮೇಲೆ ತೊಕುಗಾವಾ ವಂಶದ ದೊರೆಗಳು ಪೊರೆದಿದ್ದರು. ಮೇಜಿ ಕಾಲಕ್ಕೆ ದೊರೆಗಳು ಹೋದರು, ಆಸರೆಯೂ ಹೋಯಿತು. 1890ರಲ್ಲಿ ಅರಮನೆ ಇವರನ್ನು ಊಳಿಗಕ್ಕೆ ತೆಗೆದುಕೊಂಡಿತು, ಹೊಳೆಯ ಕೆಲವು ಮಡುಗಳನ್ನು ತನ್ನವೆಂದು ಕಾಯ್ದಿಟ್ಟಿತು. ಮೇ 11ರಿಂದ ಅಕ್ಟೋಬರ್ 15ರವರೆಗಿನ ಹಂಗಾಮಿನಲ್ಲಿ ಎಂಟು ಸಲ ಆ ಮಡುಗಳಲ್ಲಿ ಹಿಡಿದ ಮೀನು ಅರಮನೆಗೆ ಹೋಗುತ್ತದೆ. ಉಳಿದ ರಾತ್ರಿಗಳಲ್ಲಿ ನಮ್ಮಂಥವರಿಗೆ ದರ್ಶನ.

ಹಕ್ಕಿಯ ಕೊರಳಿಗೆ ಹಗ್ಗ ಕಂಡಾಗ ಮೊದಲು ಮನಸ್ಸು ಹಿಂಜರಿದದ್ದು ನಿಜ. ಕುಣಿಕೆ ಬಿಗಿದಿರುವುದರಿಂದ ಸಣ್ಣ ಮೀನು ಹೊಟ್ಟೆಗಿಳಿಯುತ್ತದೆ, ದೊಡ್ಡದು ಗಂಟಲಲ್ಲಿ ನಿಲ್ಲುತ್ತದೆ. ದಡಕ್ಕೆ ಬಂದ ಮೇಲೆ ಅಂಥದೊಂದು ಹಗ್ಗವನ್ನು ಹತ್ತಿರದಿಂದ ನೋಡಿದೆ. ಹಿನೋಕಿ ಮರದ ನಾರಿನಿಂದ ಹೊಸೆದದ್ದು, ಕಿರುಬೆರಳಿಗಿಂತ ಸಪೂರ. ಜಗ್ಗಿದರೆ ಜಪ್ಪಯ್ಯ ಎನ್ನುವುದಿಲ್ಲ. ಹುರಿಗೆ ಎದುರಾಗಿ ತಿರುಚಿದರೆ ಮಾತ್ರ ಪಟ್ಟನೆ ತುಂಡಾಗುತ್ತದೆ. ಹಕ್ಕಿ ನೀರಡಿಯ ಕಲ್ಲಿಗೆ ಸಿಕ್ಕಿಕೊಂಡರೆ ಉಶೋ ಆ ಒಂದು ಹಗ್ಗವನ್ನು ಬೆರಳಲ್ಲೇ ತಿರುಚಿ ಕಡಿದು ಹಕ್ಕಿಯನ್ನು ಬಿಟ್ಟುಬಿಡುತ್ತಾರೆ.

ಕೊನೆಗೆ ಆರೂ ದೋಣಿಗಳು ಹೊಳೆಯ ಅಗಲಕ್ಕೆ ಸಾಲಾಗಿ ಮೀನನ್ನು ಆಳವಿಲ್ಲದ ಕಡೆಗೆ ಅಟ್ಟಿದವು, ಬೆಂಕಿ ತಗ್ಗಿತು. ದಡದಲ್ಲಿ ಉಶೋ ಒಂದೊಂದೇ ಹಕ್ಕಿಯ ಕೊರಳು ಸವರಿ, ಕುಣಿಕೆ ಬಿಚ್ಚಿ, ಮೀನು ತಿನ್ನಿಸಿದರು. ಈ ಹಕ್ಕಿಗಳಿಗೆ ಜೊತೆಗಾರರು ಗೊತ್ತಿರುತ್ತಾರೆ. ಬಿದಿರಿನ ಬುಟ್ಟಿಗೆ ಜೋಡಿ ಜೋಡಿಯಾಗಿಯೇ ಇಳಿಸಬೇಕು. ಒಂದು ಹಕ್ಕಿ ಬುಟ್ಟಿಯ ಬಾಯಲ್ಲಿ ರೆಕ್ಕೆ ಬಿಚ್ಚಿ ನಿಂತಿತು, ಒಳಗೆ ಹೋಗಲೊಲ್ಲದು. ಅದರ ಜೊತೆಯದು ಇನ್ನೂ ದೋಣಿಯಲ್ಲಿತ್ತು. ಉಶೋ ಹುಲ್ಲಿನ ಲಂಗದ ನೀರು ಹಿಂಡಿಕೊಳ್ಳುತ್ತ, ಅದು ಬರುವವರೆಗೆ ಬುಟ್ಟಿಯ ಮುಚ್ಚಳ ಹಿಡಿದು ಕಾದು ನಿಂತರು.