ಮೊಮ್ಮಗಳ ಶಾಲೆ

ನನ್ನ ಮಗನಿಗೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗವು ದೊರೆತಿರುವದು. ಅವನ ಮಗಳಿಗೆ ಈಗ 7 ವರುಷ. “ಅಪ್ಪಾ, ಇವಳನ್ನು ಅಲ್ಲಿ ಯಾವ ಶಾಲೆಗೆ ಹಾಕಲಿ?” ಎಂದು ಮೋಟೆಬೆನ್ನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದನು. ಆಯುಷ್ಯವೆಲ್ಲ ಪರರ ಮಕ್ಕಳಿಗೆ ಪಾಠ ಹೇಳಿದ ನನಗೆ ಥಟ್ಟನೆ ಉತ್ತರವು ಹೊಳೆಯಲಿಲ್ಲ.

ಮನೆಯಲ್ಲಿಯೇ ಕಲಿಸುವೆವೆಂದರೆ ಆ ದೇಶದ ಕಾಯಿದೆಯು ಒಪ್ಪದು. ನೆರೆಯ ಸರಕಾರಿ ಶಾಲೆಗೆ ಶುಲ್ಕವಿಲ್ಲ. ಪಾಠವು ಮಾತ್ರ ಜರ್ಮನ್ ಭಾಷೆಯಲ್ಲಿ. ಇಂಗ್ಲಿಷಿನ ಅಂತರರಾಷ್ಟ್ರೀಯ ಶಾಲೆಗೆ ಹಣವು ವಿಪರೀತ. ಇದಲ್ಲದೆ, ಮ್ಯೂನಿಕ್ ಇರುವ ಬವೇರಿಯಾ ಪ್ರಾಂತದಲ್ಲಿ 4ನೆಯ ಇಯತ್ತೆಯಲ್ಲಿಯೇ ಜರ್ಮನ್, ಗಣಿತ ಮೊದಲಾದ ಮೂರು ವಿಷಯಗಳ ಅಂಕಗಳನ್ನು ನೋಡಿ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುವರು. ಹತ್ತು ವರುಷದ ಕೂಸನ್ನು ಹೀಗೆ ತೂಗುವದು ನನಗೆ ಸೇರದು.

ನನ್ನ ತಂದೆಯವರು ಅದೇ ವಯಸ್ಸಿನಲ್ಲಿ ನನ್ನನ್ನು ಸಂಸ್ಕೃತ ಪಾಠಶಾಲೆಯಲ್ಲಿ ಬಿಟ್ಟು ಬಂದಿದ್ದರು. ಆರು ತಿಂಗಳು ಮೂಕನಂತೆ ಕುಳಿತೆನು. ನನ್ನ ಬಾಯಿ ಬಿಡಿಸಿದವರು ಗುರುಗಳಲ್ಲ, ಒಂದೇ ಪಂಕ್ತಿಯಲ್ಲಿ ಉಂಡು ಆಡಿದ ಹುಡುಗರು. ಅದನ್ನು ನೆನೆದು, “ನೆರೆಯ ಶಾಲೆಗೇ ಹಾಕು, ಓಣಿಯ ಮಕ್ಕಳು ಕಲಿಸುವರು” ಎಂದೆನು.

“ಅಷ್ಟರೊಳಗೆ ಭಾಷೆಯು ಬಾರದಿದ್ದರೆ?”

“ಒಂದು ವರುಷ ಹಿಂದೆ ಬೀಳಲಿ. ಕನ್ನಡದ ಹೊಣೆಯು ನನಗಿರಲಿ. ರವಿವಾರ ದೂರವಾಣಿಯಲ್ಲಿ ಓದಿಸುವೆನು.”

ಮಗನು ಇನ್ನೂ ಒಪ್ಪಿಲ್ಲ. ಮೊಮ್ಮಗಳು ಮಾತ್ರ, “ಅಜ್ಜಾ, ಅಲ್ಲೆ ಒತ್ತಕ್ಷರ ಇರೂದಿಲ್ಲಂತ!” ಎಂದು ಹಿಗ್ಗಿದಳು. ಅವಳ ಚೀಲದ ಅಡಿಯಲ್ಲಿ ಕಾಗುಣಿತದ ಪುಸ್ತಕವನ್ನು ಇಟ್ಟಿರುವೆನು.